ಗೋಡೆ ಕಟ್ಟಿದ್ದು ಯಾವಾಗ

ನಕ್ಷೆ ಇದ್ದದ್ದು ಕಟ್ಟಿನ ಕಟ್ಟಕಡೆಯ ಹಾಳೆಯಲ್ಲಿ. ಶನಿವಾರ ಮಧ್ಯಾಹ್ನ ಹೈಕೋರ್ಟಿನ ನನ್ನ ಕೊಠಡಿಯಲ್ಲಿ ಕುಳಿತು ಮುಂದಿನ ವಾರದ ಮೇಲ್ಮನವಿಗಳನ್ನು ಓದುತ್ತಿದ್ದೆ. ಕೊಲೆ ಪ್ರಕರಣ, ಒಬ್ಬನೇ ಆರೋಪಿ, ಜೀವಾವಧಿ ಶಿಕ್ಷೆ. ನಕ್ಷೆಯ ನಡುವೆ ಒಂದು ವೃತ್ತ, ಅದರೊಳಗೆ ‘ಹಳೇ ಗುಂಡಿ’ ಎಂಬ ಬರಹ. ವೃತ್ತದ ಸುತ್ತ ಜೋಡಿ ಗೆರೆ, ಅದರ ಪಕ್ಕದಲ್ಲಿ ‘ಕಲ್ಲುಗೋಡೆ, ಎತ್ತರ ನಾಲ್ಕು ಅಡಿ’. ಎಡಕ್ಕೆ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕಾರ್ಮಿಕರ ಲೈನು ಮನೆಗಳಿಗೆ ಹೋಗುವ ಕಾಲುದಾರಿ.

ಹಾಳೆಯನ್ನು ಮೇಜಿನ ಮೇಲಿಟ್ಟು ಕನ್ನಡಕ ಒರೆಸಿಕೊಂಡೆ. ಆ ಗುಂಡಿ ನನಗೆ ಗೊತ್ತಿತ್ತು.

ಎಪ್ಪತ್ತರ ದಶಕದಲ್ಲಿ ಒಂದು ಅವಧಿಗೆ ನಾನು ಆ ಭಾಗದ ಶಾಸಕನಾಗಿದ್ದೆ. ಬಂಗಾರಪೇಟೆಯಲ್ಲಿ ವಕೀಲಿ ಮಾಡುತ್ತಿದ್ದವನು, ಜನ ಒತ್ತಾಯಿಸಿದರೆಂದು ಚುನಾವಣೆಗೆ ನಿಂತು ಗೆದ್ದೆ. ಎರಡನೆಯ ಸಲ ಅದೇ ಜನ ಸೋಲಿಸಿದರು. ಬೆಂಗಳೂರಿಗೆ ಬಂದು ಮತ್ತೆ ಕರಿಕೋಟು ತೊಟ್ಟೆ; ಕೆಲವು ವರ್ಷಗಳ ನಂತರ ನ್ಯಾಯಮೂರ್ತಿಯಾದೆ. ಖಾದಿ ಬಿಚ್ಚಿ ಗೌನು ಹಾಕಿಕೊಂಡವನು ಎಂದು ವಕೀಲರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದದ್ದು ನನ್ನ ಕಿವಿಗೂ ಬಿದ್ದಿತ್ತು. ಆ ಮಾತು ಸುಳ್ಳು ಮಾಡಬೇಕೆಂಬ ಹಟದಲ್ಲಿ ಊರಿನವರನ್ನೆಲ್ಲ ದೂರವಿಟ್ಟಿದ್ದೆ. ಮದುವೆಗೆ ಹೋದರೂ ಊಟ ಮುಗಿಸಿ ಮೊದಲ ಗಾಡಿಗೆ ವಾಪಸು ಬರುತ್ತಿದ್ದೆ.

ಶಾಸಕನಾಗಿದ್ದಾಗ ಚಾಂಪಿಯನ್ ರೀಫ್ಸ್‌ನ ಹೆಂಗಸರು ಐದಾರು ಜನ ಒಂದು ಅರ್ಜಿ ಹಿಡಿದು ಬಂದಿದ್ದರು. ಹಿಂದೆ ಯಾರೋ ಚಿನ್ನ ಸಿಕ್ಕೀತೆಂದು ತೋಡಿ, ಸಿಗದೆ ಬಿಟ್ಟುಹೋದ ಗುಂಡಿ. ಅರವತ್ತು ಎಪ್ಪತ್ತು ಅಡಿ ಆಳ, ಅಂಚಿನ ತುಂಬ ಲಾಂಟಾನ. ಪಕ್ಕದಲ್ಲೇ ಜನ ಓಡಾಡುವ ದಾರಿ. ಒಂದು ಆಡು ಬಿದ್ದು ಸತ್ತಿತ್ತು, ಒಬ್ಬಾತ ಬಿದ್ದು ನಡುವೆ ಸಿಕ್ಕಿಕೊಂಡು ಸೊಂಟ ಮುರಿದುಕೊಂಡಿದ್ದ. ಸುತ್ತ ಗೋಡೆ ಕಟ್ಟಿಸಿಕೊಡಿ ಎಂದು ಕೇಳಿದರು. ನಾನು ವಿಧಾನಸಭೆಯಲ್ಲಿ ಬರಹದ ಉತ್ತರವಷ್ಟೇ ಸಿಗುವ, ಚುಕ್ಕೆ ಗುರುತಿಲ್ಲದ ಒಂದು ಪ್ರಶ್ನೆ ಹಾಕಿದೆ. ಜಾಗದ ಒಡೆತನ ಯಾರದೆಂದು ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು ಎಂಬ ಲಿಖಿತ ಉತ್ತರ ಬಂತು. ಆ ಪ್ರಶ್ನೆ, ಆ ಉತ್ತರ ಎರಡನ್ನೂ ಕರಪತ್ರದಲ್ಲಿ ಅಚ್ಚು ಹಾಕಿಸಿ ಹಂಚಿದೆ. ಅದಾದ ಮೇಲೆ ಗೋಡೆ ಕಟ್ಟಿದರೋ ಇಲ್ಲವೋ ಎಂದು ಒಮ್ಮೆಯೂ ಹೋಗಿ ನೋಡಲಿಲ್ಲ.

ಈಗ ನಕ್ಷೆಯಲ್ಲಿ ಗೋಡೆ ಇತ್ತು. ಆ ಗೋಡೆಯ ಮೇಲೆಯೇ ಒಬ್ಬ ಮನುಷ್ಯನ ಶಿಕ್ಷೆ ನಿಂತಿತ್ತು.

ಆರೋಪಿ ಗಣಿಯಿಂದ ನಿವೃತ್ತನಾದ ಕಾರ್ಮಿಕ. ನೆಲದಡಿಯ ಸುರಂಗಗಳಲ್ಲಿ ಮೇಲಿನ ಬಂಡೆ ಕುಸಿಯದಂತೆ ಮರದ ದಿಮ್ಮಿ ನಿಲ್ಲಿಸುತ್ತಿದ್ದವನು. ಸತ್ತವನು ಅವನ ಅಳಿಯ. ಅಕ್ಕನ ಮಗನೇ ಆದ್ದರಿಂದ ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ ಹುಡುಗ. ಬಂಗಾರಪೇಟೆಯ ಹತ್ತಿರದ ಹಳ್ಳಿಯಲ್ಲಿ ಹಸು ಕಟ್ಟಿಕೊಂಡು ಹಾಲು ಹಾಕುತ್ತಿದ್ದ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಇನ್ನೊಂದು ಮದುವೆಯಾಗುತ್ತೇನೆ ಎಂದು ಅವನು ಹೇಳಿದ ಮೇಲೆ ಹೆಂಡತಿ ತವರಿಗೆ ಬಂದು ಕುಳಿತಳು. ಒಂದು ಸಂಜೆ ಅವನು ಮಾವನ ಮನೆಗೆ ಮಾತಿಗೆ ಬಂದ. ಮಾತು ಬೆಳೆದು ಜಗಳವಾಯಿತು. ಅವನು ಎದ್ದು ಹೊರಟ, ಮಾವ ಹಿಂದೆಯೇ ಹೋದ. ಹೊತ್ತು ಮುಳುಗುವ ಸಮಯ. ಸ್ವಲ್ಪ ಹೊತ್ತಿಗೆ ಮಾವ ಒಬ್ಬನೇ ಏದುಸಿರು ಬಿಡುತ್ತ ಬಂದು, ಅಳಿಯ ಗುಂಡಿಗೆ ಬಿದ್ದನೆಂದು ಕೂಗಿಕೊಂಡ.

ನೋಡಿದ ಸಾಕ್ಷಿ ಯಾರೂ ಇರಲಿಲ್ಲ. ಕೇಳಿದವರಿದ್ದರು. ಲೈನಿನ ಕೊನೆಯ ಮನೆಯ ಒಬ್ಬಾಕೆ, ಮಾವ ಹಿಂದಿನಿಂದ ಕೂಗಿದ್ದನ್ನು ಕೇಳಿಸಿಕೊಂಡಿದ್ದಳು. ಕೆಳಗಿನ ಕೋರ್ಟಿನ ಸಾಕ್ಷ್ಯವೆಲ್ಲ ಇಂಗ್ಲಿಷಿಗೆ ಅನುವಾದವಾಗಿ, ಟೈಪಾಗಿ, ಹೊಲಿದ ಕಟ್ಟಾಗಿ ನಮ್ಮ ಮುಂದೆ ಬರುತ್ತದೆ. ಆ ಕಟ್ಟಿನಲ್ಲಿ ಅವನ ಮಾತಿಗೆ, ನಿನ್ನ ಪ್ರಾಣ ಉಳಿಸುವುದಿಲ್ಲ ಎನ್ನುವಂಥ ಇಂಗ್ಲಿಷ್ ಇತ್ತು. ನನಗೆ ಮೂಲ ಓದುವ ಅಭ್ಯಾಸ. ಕನ್ನಡದ ಹಾಳೆ ತೆಗೆಸಿ ನೋಡಿದೆ. ಸಾಕ್ಷಿ ಹೇಳಿದ್ದು ಹೀಗಿತ್ತು: “ನಿಲ್ಲೋ, ನಿನ್ನ ಬುಡಲ್ಲ ಕಣ್ಲಾ.”

ಆ ಮಾತು ಕೊಲ್ಲಲು ಅಟ್ಟಿಸಿಕೊಂಡು ಹೋಗುವವನದೂ ಆಗಬಹುದು, ಹೋಗಬೇಡವೆಂದು ಕೈ ಹಿಡಿದು ಎಳೆಯಲು ಹೋಗುವವನದೂ ಆಗಬಹುದು.

ಎರಡನೆಯ ಸಾಕ್ಷಿ ಆರೋಪಿಯ ಮಗಳು. ಅಪ್ಪ ಕೋಪದಲ್ಲಿ ಹೋದರು ಎಂದಿದ್ದಳು. ಅಷ್ಟೇ. ಆದರೆ ಗಂಡ ಸತ್ತವಳು ಹೆತ್ತ ಅಪ್ಪನ ಬಗ್ಗೆ ಕಟಕಟೆಯಲ್ಲಿ ನಿಂತು ಹೇಳಿದ ಮಾತಿಗೆ ಬೇರೆಯೇ ತೂಕ ಬರುತ್ತದೆ.

ಮೂರನೆಯದು ಗೋಡೆ. ನಾಲ್ಕು ಅಡಿ ಗೋಡೆ ಇರುವ ಗುಂಡಿಗೆ ಬೆಳೆದ ಗಂಡಸು ಕಾಲುಜಾರಿ ಬೀಳಲು ಸಾಧ್ಯವಿಲ್ಲ, ಯಾರೋ ಎತ್ತಿ ಹಾಕಿರಬೇಕು ಎಂದು ಕೆಳಗಿನ ನ್ಯಾಯಾಧೀಶರು ಬರೆದಿದ್ದರು. ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಧೀಶರೇ ಆರೋಪಿಯನ್ನು ಕೇಳಿ ಬರೆದುಕೊಳ್ಳುವ ಹೇಳಿಕೆಯಲ್ಲಿ ಅವನು ಒಂದೇ ಸಾಲು ಹೇಳಿದ್ದ: “ಆವಾಗ ಗೋಡೆ ಇರಲಿಲ್ಲ ಸಾಮಿ.” ಅವನ ವಕೀಲ ಅದನ್ನು ಮುಂದಕ್ಕೆ ಎಳೆದಿರಲಿಲ್ಲ. ಸಾವಿನ ದಿನ ಬರೆದ ಪಂಚನಾಮೆಯಲ್ಲಿ ಗೋಡೆ ಇತ್ತೆಂದೂ ಇಲ್ಲ, ಇರಲಿಲ್ಲವೆಂದೂ ಇಲ್ಲ. ನಕ್ಷೆ ಬರೆದವರು ಒಬ್ಬ ಸರ್ಕಾರಿ ಎಂಜಿನಿಯರ್. ಅದರ ಕೆಳಗಿನ ತಾರೀಖು, ಸಾವಿನಿಂದ ಮೂರು ತಿಂಗಳ ನಂತರದ್ದು. ಆ ಮೂರು ತಿಂಗಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಂದೇ ಆ ಕಟ್ಟನ್ನು ಬದಿಗಿಡಬೇಕಿತ್ತು. ಇಡಲಿಲ್ಲ. ಗುಂಡಿಯ ಪರಿಚಯ ಬೇರೆ, ಪಕ್ಷಗಾರರ ಪರಿಚಯ ಬೇರೆ ಎಂದು ನನಗೆ ನಾನೇ ವಾದ ಹೂಡಿಕೊಂಡೆ. ಆರೋಪಿಯ ಮುಖ ಕೂಡ ನನಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ನಾನು ಬಿಟ್ಟುಕೊಟ್ಟರೆ ಆ ಮೂರು ತಿಂಗಳನ್ನು ಬೇರೆ ಯಾರೂ ಎಣಿಸುವುದಿಲ್ಲ ಎಂಬ ಹೆದರಿಕೆಯಿತ್ತು.

ಬುಧವಾರ ವಿಚಾರಣೆ ಶುರುವಾಯಿತು. ಪೀಠದಲ್ಲಿ ನಾವಿಬ್ಬರು. ಹಿರಿಯ ನ್ಯಾಯಮೂರ್ತಿಗಳು ಧಾರವಾಡದ ಕಡೆಯವರು, ಕ್ರಿಮಿನಲ್ ಕಾನೂನಿನಲ್ಲಿ ಪಳಗಿದವರು, ಮಾತು ಕಡಿಮೆ. ಆರೋಪಿಗೆ ವಕೀಲರನ್ನಿಡುವ ಶಕ್ತಿ ಇರಲಿಲ್ಲವಾದ್ದರಿಂದ ಕೋರ್ಟೇ ಒಬ್ಬ ವಕೀಲೆಯನ್ನು ನೇಮಿಸಿತ್ತು. ಸನ್ನದು ಪಡೆದು ನಾಲ್ಕೈದು ವರ್ಷವಾಗಿದ್ದೀತು. ಆಕೆ ಸಾಕ್ಷಿಗಳ ಮಾತಿನ ಸಣ್ಣಪುಟ್ಟ ವ್ಯತ್ಯಾಸಗಳನ್ನು ಹಿಡಿದುಕೊಂಡು ಬೆಳಗಿನ ಹೊತ್ತನ್ನೆಲ್ಲ ಕಳೆದರು. ಹಿರಿಯರು ಎರಡು ಸಲ ಗಡಿಯಾರ ನೋಡಿದರು.

“ಗೋಡೆಗೇನು ಹೇಳುತ್ತೀರಿ?” ಎಂದು ಕೇಳಿದರು.

“ಕತ್ತಲಾಗಿತ್ತು, ಸ್ವಾಮಿ.”

“ಕತ್ತಲಾದರೆ ಗೋಡೆ ಕುಳ್ಳಗಾಗುತ್ತದೆಯೇ?”

ಕೋರ್ಟಿನಲ್ಲಿ ಯಾರೋ ನಕ್ಕರು. ಆಕೆಯ ಮುಖ ಸಣ್ಣದಾಯಿತು. ನನಗೆ ತಡೆದುಕೊಳ್ಳಲಾಗಲಿಲ್ಲ. ಸರ್ಕಾರಿ ವಕೀಲರ ಕಡೆ ತಿರುಗಿ, “ಗೋಡೆ ಕಟ್ಟಿದ್ದು ಯಾವಾಗ?” ಎಂದೆ.

“ನಕ್ಷೆಯಲ್ಲಿದೆಯಲ್ಲ, ಸ್ವಾಮಿ,” ಎಂದರು ಅವರು. ಮುಂದೆ ಕೇಳಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ನಾನು ಕೇಳುವ ಪ್ರತಿ ಪ್ರಶ್ನೆಯ ಹಿಂದೆಯೂ ದಾಖಲೆಯಲ್ಲಿಲ್ಲದ ಒಂದು ನೆನಪಿತ್ತು. ನ್ಯಾಯಾಧೀಶ ದಾಖಲೆಯಲ್ಲಿರುವುದನ್ನು ಮಾತ್ರ ತಿಳಿದಿರಬೇಕು. ವಕೀಲೆ ನನ್ನ ಪ್ರಶ್ನೆಯನ್ನು ಹಿಡಿದುಕೊಳ್ಳಲಿಲ್ಲ. ಬೇರೊಂದು ಪುಟ ತಿರುವಿದರು. ಸಂಜೆಯಾಯಿತು, ಉಳಿದ ವಾದ ಮುಂದಿನ ಸೋಮವಾರಕ್ಕೆ ಹೋಯಿತು.

ನಡುವಿನ ಭಾನುವಾರ ಬಂಗಾರಪೇಟೆಯಲ್ಲಿ ತಂಗಿಯ ಮನೆಯ ನಾಮಕರಣವಿತ್ತು. ಹೋದೆ. ಊಟವಾದ ಮೇಲೆ ಬೆಂಗಳೂರಿನ ಗಾಡಿಗೆ ಇನ್ನೂ ಎರಡೂವರೆ ಗಂಟೆ ಇತ್ತು. ಸ್ಟೇಷನ್ನಿಗೆ ಬಂದರೆ ಪಕ್ಕದ ಪ್ಲಾಟ್‌ಫಾರ್ಮಿನಲ್ಲಿ ಗಣಿಗಳ ಕಡೆ ಹೋಗುವ ಮಾರಿಕುಪ್ಪಂ ಗಾಡಿ ನಿಂತಿತ್ತು. ಹೋಗಿ ಬರಲು ಸಮಯವಿದೆ ಎಂದುಕೊಂಡೆ. ದೂರದಿಂದ ಗೋಡೆಯ ಕಲ್ಲು ನೋಡಿದರೆ ಹಳೆಯದೋ ಹೊಸದೋ ತಿಳಿಯುತ್ತದೆ, ಯಾರೊಂದಿಗೂ ಮಾತಾಡುವುದಿಲ್ಲ, ಏನೂ ಬರೆಯುವುದಿಲ್ಲ. ಹೀಗೆಲ್ಲ ಅಂದುಕೊಳ್ಳುತ್ತಲೇ ಟಿಕೆಟು ತೆಗೆದುಕೊಂಡು ಹತ್ತಿ ಕುಳಿತಿದ್ದೆ. ನ್ಯಾಯಾಧೀಶನೊಬ್ಬ ತನ್ನ ಮುಂದಿರುವ ಪ್ರಕರಣದ ಜಾಗವನ್ನು ಯಾರಿಗೂ ಹೇಳದೆ ನೋಡಲು ಹೋಗುವುದು ತಪ್ಪು. ವಕೀಲನಾಗಿದ್ದಾಗ ಇದೇ ತಪ್ಪಿಗಾಗಿ ಒಂದು ತೀರ್ಪನ್ನು ರದ್ದು ಮಾಡಿಸಿದ್ದವನು ನಾನು.

ಗಾಡಿ ಹೊರಟಿತು. ಚಿನ್ನ ತೆಗೆದುಳಿದ ಮಣ್ಣು ಸುರಿದ ಸೈನೈಡ್ ದಿಬ್ಬಗಳು ಕಾಣಿಸಿಕೊಂಡವು. ಗಾಳಿಗೆ ಬೂದುಬಣ್ಣದ ಪುಡಿ ಎದ್ದು ಕಿಟಕಿಯ ಸರಳಿನ ಮೇಲೆ ಕೂರುತ್ತಿತ್ತು. ಗಾಡಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಮಾತಿನೊಳಗೆ ಹಾಯುತ್ತಿದ್ದವು. ಎದುರಿಗೆ ಕುಳಿತಿದ್ದ ಒಬ್ಬ ಮುದುಕ ನನ್ನನ್ನೇ ನೋಡುತ್ತಿದ್ದ. ಕೊನೆಗೆ ಮುಂದಕ್ಕೆ ಬಾಗಿ, “ಎಮ್ಮೆಲ್ಲೆ ಸಾಮಿ ಅಲ್ವಾ?” ಎಂದ.

ಇಲ್ಲವೆನ್ನಲು ನಾಲಿಗೆ ಬರಲಿಲ್ಲ. “ಆಗ ಆಗಿದ್ದೆನಪ್ಪ,” ಎಂದೆ.

“ಆಗ ಓಟು ಆಕಿದ್ದೆ ನಿಮ್ಗೆ. ಎಲ್ಡನೇ ಸಲ ಆಕ್ಲಿಲ್ಲ, ಸುಳ್ಳೇಳಲ್ಲ,” ಎಂದು ನಕ್ಕ. ಮುಂದಿನೆರಡು ಹಲ್ಲು ಇರಲಿಲ್ಲ. “ಯಾಕ್ ಸಾಮಿ, ಇಷ್ಟು ವರ್ಸ ಆದ್ಮೇಲೆ ಈ ಕಡೆ? ನೀವೇಳಿದ್ರಲ್ಲ ಆ ಗುಂಡಿ ಗೋಡೆ, ನೋಡಾಕೆ ಬಂದ್ರಾ?”

“ಅದರ ವಿಷಯ ಬೇಡಪ್ಪ,” ಎಂದೆ.

“ಬ್ಯಾಡ ಅಂದ್ರೆ ಎಂಗೆ? ಕಟ್ಟವ್ರೆ ಸಾಮಿ, ಚೆನ್ನಾಗೇ ಕಟ್ಟವ್ರೆ. ಒಂದು ಎಣ ಬಿದ್ಮೇಲೆ ಕಟ್ಟವ್ರೆ. ಆ ಹಾಲಿನೋನು ಬಿದ್ದು ಸತ್ನಲ್ಲ, ಅವನ ತಿಥಿ ಮುಗಿಯೋದ್ರೊಳಗೆ ಕಲ್ಲು ತಂದು ಸುರಿದ್ರು. ಪಾಪ, ಅವನ ಮಾವನ್ನ ಜೈಲಿಗಾಕ್ಬುಟ್ರು.”

ಆತ ಇನ್ನೂ ಏನೋ ಹೇಳುತ್ತಿದ್ದ. ಉರಿಗಾಂ ಸ್ಟೇಷನ್ ಬಂತು. ನಾನು ಎದ್ದು ಇಳಿದುಬಿಟ್ಟೆ. “ಸಾಮಿ, ಕೋಪ ಮಾಡ್ಕಂಡ್ರಾ?” ಎಂದು ಆತ ಕಿಟಕಿಯಿಂದ ಕೂಗಿದ. ಗಾಡಿ ಮುಂದಕ್ಕೆ ಹೋಯಿತು. ಒಂದು ಕಲ್ಲುಬೆಂಚಿನ ಮೇಲೆ, ಅದೇ ಗಾಡಿ ಮಾರಿಕುಪ್ಪಂನಿಂದ ತಿರುಗಿ ಬರುವ ತನಕ ಕುಳಿತಿದ್ದೆ.

ನಿರಪರಾಧಿಯಾಗಿರಬಹುದಾದ ಒಬ್ಬನನ್ನು ಬಿಡಿಸಬಲ್ಲ ಸಂಗತಿ ನನ್ನ ಕೈಗೆ ಬಂದಿತ್ತು, ಬರಬಾರದ ದಾರಿಯಲ್ಲಿ. ಪ್ರಮಾಣ ಮಾಡಿಸದೆ, ಪಾಟೀಸವಾಲಿಲ್ಲದೆ, ಇನ್ನೊಂದು ಪಕ್ಷದವರ ಬೆನ್ನ ಹಿಂದೆ. ಅದನ್ನಿಟ್ಟುಕೊಂಡು ತೀರ್ಪು ಬರೆದರೆ ನಾನು ನ್ಯಾಯಾಧೀಶನಲ್ಲ, ಗೌನು ತೊಟ್ಟ ಸಾಕ್ಷಿ. ತೆಪ್ಪಗೆ ಮರೆತು ತೀರ್ಪು ಬರೆಯಲು ನನ್ನಿಂದಾಗುತ್ತಿರಲಿಲ್ಲ. ಗಾಡಿ ಹತ್ತದೇ ಇದ್ದಿದ್ದರೆ ಆ ಮೂರು ತಿಂಗಳ ಅಂತರವನ್ನು ತೋರಿಸಿ ಹಿರಿಯರನ್ನು ಒಪ್ಪಿಸಬಹುದಿತ್ತೇನೋ. ಹತ್ತಿ, ಆ ದಾರಿಯನ್ನು ನನ್ನ ಕೈಯಾರೆ ಮುಚ್ಚಿಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಕೋರ್ಟು ಕೂರುವ ಮೊದಲು ಹಿರಿಯರ ಕೊಠಡಿಗೆ ಹೋಗಿ, ಈ ಪ್ರಕರಣದಿಂದ ಹಿಂದೆ ಸರಿಯುತ್ತೇನೆ ಎಂದೆ. ಅರ್ಧ ಕೇಳಿದ ಮೇಲ್ಮನವಿಯನ್ನು ಹೀಗೆ ಬಿಡುವುದು ಅವರಿಗೆ ಹಿಡಿಸಲಿಲ್ಲ.

“ಕಾರಣ ಏನ್ರಿ?”

ಶಾಸಕನಾಗಿದ್ದಾಗ ಆ ಗುಂಡಿಯ ಬಗ್ಗೆ ಪ್ರಶ್ನೆ ಕೇಳಿದ್ದೆನೆಂದು ಹೇಳಿದೆ. ಗಾಡಿಯ ವಿಷಯವನ್ನೂ ಹೇಳಿದೆ, ಆದರೆ ಮುದುಕನ ಮಾತನ್ನು ಹೇಳಲಿಲ್ಲ. ಹೇಳಿದ್ದರೆ ಅವರೂ ನನ್ನಂತೆಯೇ ಸಿಕ್ಕಿಬೀಳುತ್ತಿದ್ದರು. ಅವರು ಪೇಪರ್‌ವೇಟನ್ನು ಬದಿಗೆ ಸರಿಸಿದರು.

“ನೋಡ್ರಿ, ಸರಿಯೂದಾದ್ರ ಸರೀರಿ. ಆದ್ರ ಕಾರಣ ಬರಿಯೂದು ಬ್ಯಾಡ. ಬ್ಯಾರೆ ಪೀಠದ ಮುಂದ ಇಡ್ರಿ ಅಂತ ಒಂದ ಸಾಲು ಬರದ್ರ ಮುಗೀತು. ನಿಮ್ಮ ರಾಜಕೀಯ ನೀವ ಯಾಕ ಎತ್ತಿ ತೋರಸ್ತೀರಿ? ಮೊದಲ ಮಂದಿ ಬಾಯಿ ಸುಮ್ಮನಿರೂದಿಲ್ಲ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಪದ್ಧತಿಯೂ ಅದೇ. ಆದರೆ ಒಂದು ಸಾಲಿನ ಆದೇಶ ಬರೆದು ಎದ್ದುಹೋದರೆ ಆ ಗೋಡೆಯ ಸುದ್ದಿ ನನ್ನೊಂದಿಗೇ ಸಮಾಧಿಯಾಗುತ್ತಿತ್ತು. ವಕೀಲೆಯನ್ನು ಕರೆಸಿ ಹೇಳುವಂತಿಲ್ಲ, ಯಾರ ಮೂಲಕವೂ ಹೇಳಿಸುವಂತಿಲ್ಲ. ನನ್ನದೆನ್ನಬಹುದಾದ, ಎಲ್ಲರ ಮುಂದೆ ಹೇಳಬಹುದಾದ ಸಂಗತಿ ಒಂದೇ ಒಂದಿತ್ತು: ನಾನೇಕೆ ಈ ಪ್ರಕರಣ ಕೇಳಬಾರದು ಎಂಬುದು. ತೆರೆದ ಕೋರ್ಟಿನಲ್ಲಿ ಎರಡು ವಾಕ್ಯದ ಆದೇಶ ಬರೆಸಿದೆ. ಶಾಸನಸಭೆಯ ಸದಸ್ಯನಾಗಿದ್ದಾಗ ಈ ಗುಂಡಿಗೆ ಗೋಡೆಯಿಲ್ಲದಿರುವ ಬಗ್ಗೆ ನಾನೇ ಪ್ರಶ್ನೆ ಕೇಳಿದ್ದರಿಂದ ಈ ಮೇಲ್ಮನವಿಯನ್ನು ಕೇಳುವುದು ಉಚಿತವಲ್ಲ. ನಾನಿಲ್ಲದ ಪೀಠದ ಮುಂದೆ ಇಡತಕ್ಕದ್ದು. ಬರೆಸುವಾಗ ವಕೀಲೆಯ ಮುಖ ನೋಡಬಾರದೆಂದು ಶೀಘ್ರಲಿಪಿಗಾರರ ಕೈಯನ್ನೇ ನೋಡುತ್ತಿದ್ದೆ.

ವಕೀಲರ ಸಂಘದಲ್ಲಿ ಅಂದು ಮಧ್ಯಾಹ್ನವೇ ಮಾತಾಯಿತು. ಹಳೆಯ ಎಮ್ಮೆಲ್ಲೆಗೆ ಕ್ಷೇತ್ರ ನೆನಪಾಗಿದೆ ಎಂದರಂತೆ.

ಮೇಲ್ಮನವಿ ಪಟ್ಟಿಯಿಂದ ಕೆಳಗಿಳಿಯಿತು. ಹೊಸ ಪೀಠದ ಮುಂದೆ ಬರುವಷ್ಟರಲ್ಲಿ ಆ ಪೀಠ ಬದಲಾಯಿತು. ಹಿರಿಯರು ನಿವೃತ್ತರಾದರು. ಬೆಳಿಗ್ಗೆ ಪಟ್ಟಿ ಬಂದ ಕೂಡಲೇ ಬೇರೆ ಪೀಠಗಳ ಕ್ರಿಮಿನಲ್ ಮೇಲ್ಮನವಿಗಳ ಮೇಲೆ ಕಣ್ಣಾಡಿಸುವುದು ನನಗೆ ಅಭ್ಯಾಸವಾಗಿಹೋಯಿತು. ಎರಡು ಸಲ ಆ ಸಂಖ್ಯೆ ಪಟ್ಟಿಯ ಕೊನೆಯಲ್ಲಿ ಕಂಡು, ಸಂಜೆಯಾದರೂ ಸರದಿ ಬರದೆ ಮಾಯವಾಯಿತು. ರಿಜಿಸ್ಟ್ರಾರರನ್ನು ಕೇಳಬಾರದು, ಕೇಳಲಿಲ್ಲ. ನನಗೂ ಅರವತ್ತೆರಡು ತುಂಬಿತು. ಹಾರ ಹಾಕಿಸಿಕೊಂಡು ಬಂಗಾರಪೇಟೆಗೆ ಬಂದೆ. ಹೆಂಡತಿ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.

ಊರಿಗೆ ಬಂದ ಮರುವರ್ಷ ಒಂದು ಬೆಳಿಗ್ಗೆ ಆ ವಕೀಲೆ ನಮ್ಮ ಮನೆಯ ಗೇಟಿನಲ್ಲಿ ನಿಂತಿದ್ದರು. ಕೂರಿಸಿ ಕಾಫಿ ತರಿಸಿದೆ. ಆಕೆ ಲೋಟ ಮುಟ್ಟಲಿಲ್ಲ.

“ನಿಮ್ಮ ಆದೇಶದ ಆ ಸಾಲು ನನಗೆ ಅರ್ಥವಾಗಿದ್ದೇ ಎಂಟು ತಿಂಗಳ ಮೇಲೆ, ಸರ್,” ಎಂದರು. ದನಿಯಲ್ಲಿ ತಮ್ಮ ಮೇಲೆಯೇ ಸಿಟ್ಟಿತ್ತು. “ವಿಧಾನಸಭೆ ಲೈಬ್ರರಿಗೆ ಹೋದೆ. ನಿಮ್ಮ ಪ್ರಶ್ನೆ ಸಿಕ್ಕಿತು. ಆಮೇಲೆ ಗೋಡೆ ಕಟ್ಟಿಸಿದ ಕಚೇರಿ ಯಾವುದೆಂದು ಹುಡುಕಿ, ಯಾವ ದಿನ ಏನು ಕೆಲಸವಾಯಿತೆಂದು ಬರೆದಿಡುವ ಕಾಮಗಾರಿಯ ಅಳತೆ ಪುಸ್ತಕ ತರಿಸಬೇಕೆಂದು ಹೆಚ್ಚುವರಿ ಸಾಕ್ಷ್ಯಕ್ಕೆ ಅರ್ಜಿ ಹಾಕಿದ್ದೇನೆ. ಅದು ಇನ್ನೂ ಬಾಕಿ.”

“ಒಳ್ಳೆಯದಲ್ಲವೇ?”

“ಅವರು ತೀರಿಕೊಂಡರು, ಸರ್. ಜೈಲಿನಿಂದ ಆಸ್ಪತ್ರೆಗೆ ತಂದಿದ್ದರು. ಗಣಿಯ ಧೂಳು ಕುಡಿದ ಎದೆ. ಹತ್ತೊಂಬತ್ತು ದಿನವಾಯಿತು.”

ಮುಂದಿನದನ್ನು ಆಕೆ ಹೇಳಬೇಕಾಗಿರಲಿಲ್ಲ. ಶಿಕ್ಷೆಯ ವಿರುದ್ಧ ಮೇಲ್ಮನವಿ ಹಾಕಿದವನು ಸತ್ತರೆ ಅವನೊಂದಿಗೆ ಮೇಲ್ಮನವಿಯೂ ಸಾಯುತ್ತದೆ. ಹತ್ತಿರದ ರಕ್ತಸಂಬಂಧಿ ಮೂವತ್ತು ದಿನದೊಳಗೆ ಮುಂದುವರಿಸಲು ಅನುಮತಿ ಕೇಳಿದರೆ ಮಾತ್ರ ಉಳಿಯುತ್ತದೆ. ಇಲ್ಲವಾದರೆ ಅವನು ಕೊಲೆಗಾರನಾಗಿಯೇ ಸತ್ತ ಹಾಗೆ.

“ಮಗಳು?”

“ಅವಳೊಬ್ಬಳೇ ಉಳಿದಿರುವುದು. ಸಹಿ ಹಾಕಲ್ಲ ಅನ್ನುತ್ತಾಳೆ. ಜೈಲಿಗೂ ಹೋದವಳಲ್ಲ, ಹೆಣ ತರಲೂ ಹೋಗಲಿಲ್ಲ. ಅಪ್ಪನೇ ತಳ್ಳಿದ್ದು ಅಂತ ಅವಳ ಮನಸ್ಸಿನಲ್ಲಿದೆ. ನಾನು ವಕೀಲೆ, ನನ್ನ ಮಾತು ನಂಬುವುದಿಲ್ಲ. ನೀವು...”

ನನ್ನನ್ನು ಕಟ್ಟಿಹಾಕಿದ್ದ ನಿಯಮಗಳೆಲ್ಲ ಗೌನಿನೊಂದಿಗೇ ಹೋಗಿದ್ದವು. ಹೋಗದಿರಲು ಈಗ ಕಾರಣ ಉಳಿದಿರಲಿಲ್ಲ, ಅವಳ ಮುಖ ನೋಡುವ ಧೈರ್ಯವಿಲ್ಲ ಎಂಬುದೊಂದು ಬಿಟ್ಟು. ಅದರಲ್ಲೇ ಆರು ದಿನ ಕಳೆದೆ. ಇಪ್ಪತ್ತಾರನೆಯ ದಿನ ಹೋದೆ.

ಅವಳು ಗಂಡನ ಹಳ್ಳಿಯಲ್ಲೇ, ಗಂಡ ಬಿಟ್ಟುಹೋದ ಹಸುಗಳನ್ನೇ ಸಾಕಿಕೊಂಡಿದ್ದಳು. ಅತ್ತೆ ಸತ್ತ ಮೇಲೆ ಒಬ್ಬಳೇ. ಮೂವತ್ತೈದರ ಆಸುಪಾಸಿನ ಹೆಂಗಸು, ತಲೆಯಲ್ಲಿ ಆಗಲೇ ನೆರೆ. ಕೊಟ್ಟಿಗೆಯ ಮುಂದೆ ಬೂಸಾ ಕಲಸುತ್ತಿದ್ದವಳು ನನ್ನನ್ನು ಕಂಡು ಕೈ ತೊಳೆದುಕೊಂಡಳು, ಚಾಪೆ ಹಾಕಿದಳು. ಯಾರೆಂದು ಹೇಳಿದೆ.

“ಗೊತ್ತು. ಆ ಲಾಯರಮ್ಮ ಏಳಿದ್ರು, ಬತ್ತಾರೆ ಅಂತ. ಸೈನು ಆಕಲ್ಲ ಅಂದಿದ್ದೀನಿ ಸಾಮಿ.”

“ಸಹಿ ಕೇಳಲು ಬಂದಿಲ್ಲಮ್ಮ. ಒಂದು ವಿಷಯ ಹೇಳಲು ಬಂದೆ.”

ಹೆಂಗಸರ ಅರ್ಜಿಯಿಂದ ಶುರುಮಾಡಿ ಎಲ್ಲ ಹೇಳಿದೆ. ಪ್ರಶ್ನೆ, ಉತ್ತರ, ಕರಪತ್ರ. ಮತ್ತೆ ಆ ಕಡೆ ಹೋಗದೇ ಇದ್ದದ್ದು. ಮಾರಿಕುಪ್ಪಂ ಗಾಡಿ, ಮುದುಕನ ಮಾತು. ನಿನ್ನ ಗಂಡ ಬಿದ್ದ ದಿನ ಅಲ್ಲಿ ಗೋಡೆ ಇರಲಿಲ್ಲ, ಲಾಂಟಾನ ಬೆಳೆದು ಅಂಚು ಕಾಣುತ್ತಿರಲಿಲ್ಲ ಎಂದೆ. ಅವಳು ನೆಲ ನೋಡುತ್ತ ಕೇಳಿದಳು.

“ಗೋಡೆ ಇರಲಿಲ್ಲ ಅಂತ ನಂಗೂ ಗೊತ್ತಿತ್ತು ಸಾಮಿ,” ಎಂದಳು.

ನಾನು ಬೆಚ್ಚಿದೆ. “ಕೋರ್ಟಿನಲ್ಲಿ ಹೇಳಲಿಲ್ಲವಲ್ಲಮ್ಮ?”

“ಯಾರ್ ಕೇಳಿದ್ರು? ಅಪ್ಪ ಕೋಪದಾಗ್ ಓದ್ರಾ ಅಂತ ಕೇಳಿದ್ರು, ಊಂ ಅಂದೆ. ಕೇಳಿದ್ಕೆ ಮಾತ್ರ ಏಳು, ಬ್ಯಾರೆ ಮಾತಾಡ್ಬ್ಯಾಡ ಅಂದ್ರು.” ಸೆರಗಿನಿಂದ ಬಾಯಿ ಒತ್ತಿಕೊಂಡಳು. “ಗೋಡೆ ಇದ್ರೇನು, ಇಲ್ದಿದ್ರೇನು. ಅಪ್ಪ ಓಗಿದ್ದು ನನ್ಗೋಸ್ಕರ. ಇವ್ರನ್ನ ಸುಮ್ಕೆ ಬುಡಬ್ಯಾಡಪ್ಪಾ ಅಂತ ನಾನೇ ಏಳಿ ಕಳ್ಸಿದ್ದು. ಸುಮ್ಕೆ ಬುಡಬ್ಯಾಡ ಅಂದ್ರೆ ಅವರೇನ್ ಅಂದ್ಕಂಡ್ರೋ ನಂಗೇನ್ ಗೊತ್ತು? ಕರ್ಕಂಬಾ ಅಂತ ನಾನಂದಿದ್ದು.”

ಕಡತದ ಯಾವ ಪುಟದಲ್ಲೂ ಈ ಮಾತು ಇರಲಿಲ್ಲ. ಸಾಕ್ಷಿ ಕೇಳಿದ್ದ ಕೂಗಿಗೆ ಈಗ ನನ್ನ ಕಿವಿಯಲ್ಲಿ ಬೇರೆ ಅರ್ಥ ಬಂತು. “ನಿಮ್ಮಪ್ಪ ಏನಂತ ಕೂಗಿದರು ಗೊತ್ತೇನಮ್ಮ?” ಎಂದು ಕೇಳಿದೆ.

ಗೊತ್ತಿರಲಿಲ್ಲ. ಕಟಕಟೆಯಿಂದ ಇಳಿದ ಮೇಲೆ ಅವಳು ಕೋರ್ಟಿನಲ್ಲಿ ಕೂತಿರಲಿಲ್ಲ. ಹೇಳಿದೆ: “ನಿಲ್ಲೋ, ನಿನ್ನ ಬುಡಲ್ಲ ಕಣ್ಲಾ.”

ಅವಳು ಅದನ್ನು ಬಾಯೊಳಗೇ ಒಂದು ಸಲ ಹೇಳಿಕೊಂಡಳು. ಆಮೇಲೆ ಅತ್ತಳು. ಎದೆ ಒಡೆದು ಬರುವ ಅಳುವಲ್ಲ. ಎಷ್ಟೋ ವರ್ಷದಿಂದ ನಿಂತ ನೀರಿನ ಹಾಗೆ ಸದ್ದಿಲ್ಲದೆ ಇಳಿಯುತ್ತಿತ್ತು.

“ನಿಲ್ಲೋ ಅನ್ನೋರು ಅಪ್ಪ ಇವ್ರನ್ನ. ಚಿಕ್ಕುಡುಗ ಆಗಿದ್ದಾಗಿಂದ್ಲೂ. ಕೆರೆ ಕಡೆ ಓಡಿದ್ರೆ ಇಂಗೇ ಕೂಗೋರು, ಬುಡಲ್ಲ ಕಣ್ಲಾ ಅಂತ, ಇಂದೆ ಓಗಿ ಇಡ್ಕಂಬರೋರು.” ಕಣ್ಣೊರೆಸಿಕೊಂಡು ಕೇಳಿದಳು: “ಜೈಲ್ನಾಗೆ ನನ್ನ ಕೇಳಿದ್ರಂತಾ?”

ನನಗೆ ತಿಳಿಯದು ಎಂದೆ. ವಕೀಲೆ ಆಮೇಲೆ ಹೇಳಿದ ಪ್ರಕಾರ, ತಾವು ಜೈಲಿಗೆ ಹೋದ ಪ್ರತಿ ಸಲ ಅವಳಪ್ಪ ಕೇಳುತ್ತಿದ್ದರಂತೆ. ಅದನ್ನು ಅವಳಿಗೆ ಹೇಳಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ, ಹೇಳಲಿಲ್ಲ.

ಇಪ್ಪತ್ತೆಂಟನೆಯ ದಿನ ಅವಳು ಸಹಿ ಹಾಕಿದಳು. ಗೋಡೆಯಿಲ್ಲದಿದ್ದ ಬಗ್ಗೆ, ಅಪ್ಪನನ್ನು ಏನೆಂದು ಹೇಳಿ ಕಳಿಸಿದಳು ಎಂಬ ಬಗ್ಗೆ ಪ್ರಮಾಣಪತ್ರವನ್ನೂ ಕೊಟ್ಟಳು. ನಾನೂ ಒಂದು ಪ್ರಮಾಣಪತ್ರ ಕೊಟ್ಟೆ. ಗಾಡಿ ಹತ್ತಿದ್ದನ್ನು ಮರೆಮಾಚದೆ ಬರೆದೆ. ನಿವೃತ್ತ ನ್ಯಾಯಮೂರ್ತಿ ಹೀಗೆ ಬರೆಯಬಾರದಿತ್ತೆಂದು ಹಳೆಯ ಸಹೋದ್ಯೋಗಿಗಳು ಫೋನು ಮಾಡಿ ಹೇಳಿದರು. ಬರೆದದ್ದಕ್ಕೋ, ಹತ್ತಿದ್ದಕ್ಕೋ ಎಂದು ನಾನು ಕೇಳಲಿಲ್ಲ.

ಅಳತೆ ಪುಸ್ತಕ ಬರಲು ಮತ್ತೆ ಏಳು ತಿಂಗಳು ಹಿಡಿಯಿತು. ಮೊದಲು ಸಿಗುತ್ತಿಲ್ಲವೆಂದರು, ಆಮೇಲೆ ಗೆದ್ದಲು ತಿಂದಿದೆ ಎಂದರು. ನ್ಯಾಯಪೀಠ ಗದರಿದ ಮೇಲೆ ಬಂತು. ಅಂಚು ತಿಂದಿದ್ದರೂ ಒಳಗಿನ ಬರಹ ಸರಿಯಾಗಿತ್ತು. ತಳಪಾಯ ಅಗೆದ ದಿನ, ಸಾವಾದ ಹದಿನೇಳನೆಯ ದಿನ. ಆ ಪುಸ್ತಕ ಬರೆದ ಗುಮಾಸ್ತರನ್ನು ಕರೆಸಿ ಪ್ರಮಾಣ ಮಾಡಿಸಿ ಕೇಳಿದರು. ಅಕ್ಷರ ತನ್ನದೇ ಎಂದರು. ಸರ್ಕಾರಿ ವಕೀಲರು ವಿಶೇಷವಾಗಿ ಏನೂ ವಾದಿಸಲಿಲ್ಲ. ಎರಡು ವಾರದ ನಂತರ ತೀರ್ಪು ಬಂತು: ಶಿಕ್ಷೆ ರದ್ದು, ಆರೋಪಿ ನಿರ್ದೋಷಿ. ಬಿಡುಗಡೆ ಮಾಡಬೇಕಾದವನು ಹೋಗಿ ವರ್ಷವಾಗುತ್ತ ಬಂದಿತ್ತು.

ತೀರ್ಪಿನ ಪ್ರತಿ ತೆಗೆದುಕೊಂಡು ಅವಳ ಮನೆಗೆ ಹೋದೆ. ಇಂಗ್ಲಿಷಿನಲ್ಲಿದ್ದದ್ದನ್ನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆ. ಅವಳು ಕಂಬಕ್ಕೆ ಒರಗಿ ನಿಂತೇ ಕೇಳಿದಳು.

“ಅಂಗಾದ್ರೆ ಅಪ್ಪ ತಳ್ಳಲಿಲ್ಲ ಅಂತ ಬರ್ದವ್ರೆ.”

“ತಳ್ಳಿದರು ಅಂತ ಸಾಬೀತಾಗಿಲ್ಲ ಅಂತ ಬರೆದಿದ್ದಾರಮ್ಮ. ಕಾಲುಜಾರಿ ಬಿದ್ದಿರಬಹುದು, ಆ ಅನುಮಾನದ ಲಾಭ ನಿಮ್ಮಪ್ಪನಿಗೆ ಅಂತ.”

“ಅಂದ್ರೆ ಅವ್ರಿಗೂ ಗೊತ್ತಿಲ್ಲ ಅಂತ.”

ಮೂವತ್ತು ವರ್ಷಕ್ಕೂ ಮಿಕ್ಕಿ ಕಾನೂನು ಓದಿದವನು ನಾನು. ಅದಕ್ಕಿಂತ ಸರಿಯಾಗಿ ಹೇಳಲು ಬರಲಿಲ್ಲ. ಹೌದೆಂದು ತಲೆಯಾಡಿಸಿದೆ.

“ಗೋಡೆ ಇರಲಿಲ್ಲ ಅಂತಾನಾದ್ರೂ ಬರ್ದವ್ರಾ?”

“ಅದು ಬರೆದಿದ್ದಾರೆ. ಸ್ಪಷ್ಟವಾಗಿ.”

“ಯಾರು ಕಟ್ಟಲಿಲ್ಲ ಅಂತ ಬರ್ದವ್ರೆ?”

ಹನ್ನೊಂದನೆಯ ಪುಟದಲ್ಲಿ ಒಂದು ವಾಕ್ಯವಿತ್ತು. ಓದುವಾಗ ಅದನ್ನು ದಾಟಿ ಮುಂದೆ ಹೋ‍ಗಿದ್ದೆ. ಈಗ ಪುಟ ತಿರುವಿ ಓದಿದೆ: ಅಂದಿನ ಸ್ಥಳೀಯ ಶಾಸಕರು ಈ ಗುಂಡಿಯ ಅಪಾಯದ ಬಗ್ಗೆ ಪ್ರಶ್ನೆ ಕೇಳಿದ್ದು ದಾಖಲೆಯಲ್ಲಿದೆ, ಆದರೆ ಉತ್ತರ ಪಡೆದ ನಂತರ ಅವರಾಗಲಿ, ಬೇರೆ ಯಾರಾಗಲಿ ಮುಂದಿನ ಹೆಜ್ಜೆ ಇಟ್ಟಂತೆ ಕಾಣುವುದಿಲ್ಲ.

“ಶಾಸಕ್ರು ಅಂದ್ರೆ ನೀವೇ ಅಲ್ವಾ?”

“ನಾನೇ.”

“ಎಸ್ರು ಬರ್ದಿಲ್ವಾ?”

“ಇಲ್ಲಮ್ಮ.”

ಕೊಟ್ಟಿಗೆಯಲ್ಲಿ ಕರು ಕೂಗುತ್ತಿತ್ತು. ಅವಳು ಅತ್ತ ನೋಡಿ, ಮತ್ತೆ ನನ್ನ ಕಡೆ ತಿರುಗಿದಳು.

“ಇನ್ನೊಂದ್ಸಲ ಓದಿ ಸಾಮಿ,” ಎಂದಳು. “ಎಸ್ರು ಆಕ್ಕಂಡು ಓದಿ.”

ಓದಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಚೆಂಬು ತೆಗೆದುಕೊಂಡು ಹಾಲು ಕರೆಯಲು ಹೋದಳು.